ಶೀಟ್ ರೂಮಿನ ಸಾಮಾನು ಯಾರ ಮನೆಗೆ?

ಮಾವ ತೀರಿಕೊಂಡು ಆರು ವರ್ಷವಾದರೂ ಮಹಡಿ ಮೇಲಿನ ಶೀಟ್ ರೂಮಿನ ಬಾಗಿಲನ್ನು ನಾವು ಪೂರ್ತಿ ತೆರೆದಿರಲಿಲ್ಲ. ಅರ್ಧ ತೆರೆಯುವುದು, ಬೇಡದ ಇನ್ನೊಂದು ಸಾಮಾನನ್ನು ಒಳಗೆ ತಳ್ಳುವುದು, ಬೀಗ ಹಾಕುವುದು. ಬೆಂಗಳೂರಿನ ಹೊರವಲಯದ ನಮ್ಮ ಮಾದನಾಯಕನಹಳ್ಳಿಯಲ್ಲಿ ಮೂವತ್ತು ವರ್ಷದ ಹಿಂದೆ ಸೈಟು ಕೊಂಡು ಕಟ್ಟಿಸಿದ ಎಷ್ಟೋ ಮನೆಗಳಲ್ಲಿ ಇಂಥದೊಂದು ಕೋಣೆ ಇದೆ. ನಮ್ಮ ಮಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಲೇತ್ ಮುಂದೆ ನಿಂತು ದುಡಿದ ಹಣದಲ್ಲಿ ಅವರು ಒಂದೊಂದಾಗಿ ತಂದದ್ದು ತೇಗದ ಮಂಚ, ಬೆತ್ತ ಹೆಣೆದ ನಾಲ್ಕು ಕುರ್ಚಿ, ಕಬ್ಬಿಣದ ಬೀರು, ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್, ನನ್ನ ಗಂಡ ಮಲಗಿದ್ದ ತೊಟ್ಟಿಲು. ಅದರ ಮೇಲೆ ನಾವು ಪೇರಿಸಿದ್ದು ಸೋಫಾ, ಕಂಪ್ಯೂಟರ್ ಟೇಬಲ್, ಹಳೇ ಡಬ್ಬಾ ಟಿವಿ, ಕೆಟ್ಟ ಫ್ರಿಜ್ಜು.

2024ರ ನವೆಂಬರಿನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೊ ಓಡತೊಡಗಿತು. ಆಮೇಲೆ ನಮ್ಮ ಬೀದಿಗೂ ಬಾಡಿಗೆ ಕೋಣೆ ಕೇಳಿಕೊಂಡು ಬರುವವರು ಹೆಚ್ಚಾದರು. ಶೀಟ್ ರೂಮು ಖಾಲಿ ಮಾಡೋಣವೆಂದು ಗಂಡ ಹೇಳಿದಾಗ ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, “ಮಂಗಳವಾರ, ಶುಕ್ರವಾರ ಏನೂ ಆಚೆ ಕಳಿಸ್ಬೇಡಿ, ಅಷ್ಟೇ ನಾನ್ ಹೇಳೋದು” ಅಂದರು. ಒಪ್ಪಿಗೆ ಎಂದರೆ ಅದೇ. ಭಾನುವಾರ ಬೀಗ ತೆಗೆದೆವು.

ಎತ್ತಿಟ್ಟರೆ ಉಳಿಯುತ್ತದೆ ಎಂದು ನಾವು ನಂಬಿದ್ದೆವು. ಹಾಗಾಗಿರಲಿಲ್ಲ. ಕಂಪ್ಯೂಟರ್ ಟೇಬಲ್ ಮರದ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆಯದು. ಶೀಟಿನ ಸಂದಿಯಿಂದ ಸೋರಿದ ಮಳೆನೀರಿಗೆ ಅದು ನೆನೆದ ರಸ್ಕಿನಂತೆ ಉಬ್ಬಿತ್ತು. ಒಮ್ಮೆ ಉಬ್ಬಿದ ಹಲಗೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಯಾವ ಬಡಗಿಯೂ ಅದನ್ನು ರಿಪೇರಿ ಮಾಡಲಾರ. ಸೋಫಾದ ಅಡಿಗೆ ಹಾಕಿದ್ದು ಅಗ್ಗದ ಮರ. ಎತ್ತಿದಾಗ ನೆಲದ ಮೇಲೆ ಗೋಧಿ ಹಿಟ್ಟಿನಂಥ ಪುಡಿ ಉಳಿಯಿತು. ಅದು ಹುಳು ಕೊರೆದ ಗುರುತು. ಅಂಥದನ್ನು ಕೊಟ್ಟರೆ ಹುಳುವನ್ನೂ ಕೊಟ್ಟ ಹಾಗೆ, ತೆಗೆದುಕೊಂಡವರ ಮನೆಯ ಬಾಗಿಲು ಕಿಟಕಿಗೂ ಅದು ಹತ್ತುತ್ತದೆ. ತೇಗದ ಮಂಚ ಮಾತ್ರ ಹಾಗೇ ಇತ್ತು. ತೇಗದಲ್ಲಿರುವ ಎಣ್ಣೆಯ ಅಂಶ ಗೆದ್ದಲಿಗೆ ಆಗಿಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಮಾವ ಬಳಿಸಿದ್ದ ಪಾಲಿಶ್ ಕೂಡ ಕಾಣಿಸಿತು.

2019ರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಇದೇ ರೂಮಿನಲ್ಲಿ ಎರಡು ಮಳೆಗಾಲ ಕಳೆದ ಫೋಮ್ ಹಾಸಿಗೆಯೊಂದನ್ನು ಹಿಂದಿನ ವಠಾರದ ಒಂದು ಮನೆಗೆ ಕೊಟ್ಟಿದ್ದೆ. ಅವರು ಬೇಡ ಅನ್ನಲಿಲ್ಲ. ಮನೆ ಮಾಲೀಕರ ಕಡೆಯವರು ಕೊಟ್ಟರೆ ಬೇಡ ಅನ್ನುವುದು ಹೇಗೆ? ವಾರದ ನಂತರ ಅದು ಪಕ್ಕದ ಖಾಲಿ ಸೈಟಿನಲ್ಲಿ ಉರಿಯುತ್ತಿತ್ತು. ಒಳಗೆ ತಿಗಣೆ ಇತ್ತಂತೆ. ಫೋಮ್ ಸುಟ್ಟ ಹೊಗೆಯಲ್ಲಿ ಸೈನೈಡ್ ಅನಿಲ ಸೇರಿರುತ್ತದೆಂದು ಆಮೇಲೆ ತಿಳಿಯಿತು. ಆ ಹೊಗೆಯ ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದವು. ಹಳೇ ಹಾಸಿಗೆಯನ್ನು ಯಾರಿಗೂ ಕೊಡಬಾರದೆಂದು ಅವತ್ತೇ ತೀರ್ಮಾನಿಸಿದೆ. ಹತ್ತಿಯದಾದರೆ ಬಿಚ್ಚಿಸಿ, ಬಿಸಿಲಿಗೆ ಹಾಕಿ, ಎಕ್ಕಿಸಿ, ಹೊಸ ಬಟ್ಟೆಯಲ್ಲಿ ಹೊಲಿಸಬಹುದು. ಫೋಮಿಗೆ ಆ ದಾರಿ ಇಲ್ಲ.

ಹಾಗಾಗಿ ಈ ಸಲ ಸಾಮಾನು ಕೆಳಗಿಳಿಸುವ ಮೊದಲು ವಠಾರಕ್ಕೆ ಹೋಗಿ ಕೇಳಿದೆ. ಯಾದಗಿರಿ ಕಡೆಯಿಂದ ಬಂದ ಒಬ್ಬಾಕೆ ಮಂಚ, ಸೋಫಾದ ವಿಷಯವನ್ನೆಲ್ಲ ಕೇಳಿಸಿಕೊಂಡು, “ಮಂಚ ಛಲೋನ ಅದ್ರಿ ಅಮ್ಮಾರ, ಆದ್ರ ನಮ್ ಖೋಲ್ಯಾಗ ಹಿಡ್ಸಂಗಿಲ್ರಿ” ಅಂದಳು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ನಾಲ್ಕು ಜನರ ನಿದ್ದೆ. ಹಗಲು ಚಾಪೆ ಸುತ್ತಿಟ್ಟರೆ ತಾನೇ ಓಡಾಡಲು ಜಾಗ? ಮೇಲಾಗಿ ಕಾರ್ಖಾನೆ ಬದಲಾದರೆ, ಕಟ್ಟಡದ ಕೆಲಸ ಮುಗಿದರೆ ಅವರು ಕೋಣೆ ಬದಲಿಸಬೇಕು. ಇಡೀ ಸಂಸಾರ ಒಂದೇ ಗೂಡ್ಸ್ ಆಟೋದಲ್ಲಿ ಹಿಡಿಯಬೇಕು. ಇದ್ದಲ್ಲೇ ಇರುವವರ ಪೀಠೋಪಕರಣ ಊರು ಬಿಟ್ಟು ಬಂದವರಿಗೆ ಹೊರೆ. ಮಾಕಳಿ, ಅಂಚೆಪಾಳ್ಯ, ದಾಸನಪುರದ ಕಡೆಯ ಬಾಡಿಗೆ ಕೋಣೆಗಳಲ್ಲೂ ಹೀಗೇ ಇರುವವರು ಬಹಳ ಜನ.

“ಮತ್ತೇನು ಬೇಕು ನಿಂಗೆ?” ಎಂದು ಕೇಳಿದೆ. ಮುಚ್ಚಳವಿರುವ ನೀರಿನ ಡ್ರಮ್ಮು, ಬೀಗ ಹಾಕುವ ಟ್ರಂಕು, ಒಂದು ಟೇಬಲ್ ಫ್ಯಾನು, ಒಂದರೊಳಗೊಂದು ಪೇರಿಸಿಡಬಹುದಾದ ಪ್ಲಾಸ್ಟಿಕ್ ಕುರ್ಚಿ. ಈ ಪಟ್ಟಿ ನನಗೆ ಹೊಳೆದಿರಲೇ ಇಲ್ಲ. ನೀರು ದಿನಾ ಬರದ ಕಡೆ ಡ್ರಮ್ಮಿಗಿಂತ ದೊಡ್ಡ ಆಸ್ತಿ ಯಾವುದಿದೆ? ನಮ್ಮಲ್ಲಿ ಎರಡು ಡ್ರಮ್ಮು ಸುಮ್ಮನೆ ಬಿದ್ದಿದ್ದವು, ಟ್ರಂಕಿನಲ್ಲಿ ಹಳೇ ಪರದೆಗಳಿದ್ದವು. ಫ್ಯಾನಿನ ವೈರ್ ಬದಲಿಸಿ, ಓಡಿಸಿ ತೋರಿಸಿ ಕೊಟ್ಟೆವು. ಹೊಲಿಗೆ ಮಿಷನ್ನಿಗೆ ಬೆಲ್ಟು, ಸೂಜಿ ಹಾಕಿಸಿ, ಎಣ್ಣೆ ಬಿಟ್ಟು, ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿರುವ ಒಬ್ಬ ಹುಡುಗಿಗೆ ಒಪ್ಪಿಸಿದೆವು.

ಕಬ್ಬಿಣದ ಬೀರು ಸರ್ಕಾರಿ ಶಾಲೆಗೆ ಹೋಯಿತು. ಮೊದಲು ಮುಖ್ಯ ಶಿಕ್ಷಕಿಯನ್ನು ಕೇಳಿ, ಅಳತೆ ಕೊಟ್ಟು, ಕೊಡುಗೆಯ ಪತ್ರ ಬರೆದುಕೊಟ್ಟೆವು. ಶಾಲೆಯವರು ಬಂದ ವಸ್ತುವನ್ನು ದಾಸ್ತಾನು ವಹಿಯಲ್ಲಿ ಬರೆದುಕೊಳ್ಳಬೇಕು, ಅದಕ್ಕೆ ಪತ್ರ. ಕಳಿಸುವ ಮುನ್ನ ಒಳಗಿನ ಲಾಕರ್ ಶೋಧಿಸಿದ್ದು ಒಳ್ಳೆಯದಾಯಿತು. ಮನೆ ಕಂದಾಯದ ರಸೀದಿಗಳು ಸಿಕ್ಕವು. ಸೀರೆ ಮಡಿಕೆಯಲ್ಲಿ ಅತ್ತೆ ಯಾವಾಗಲೋ ಇಟ್ಟು ಮರೆತಿದ್ದ ಐನೂರರ ಆರು ಹಳೇ ನೋಟೂ ಸಿಕ್ಕವು. 2016ರ ನವೆಂಬರ್ 8ರ ರಾತ್ರಿಯೇ ಅವುಗಳ ಚಲಾವಣೆ ರದ್ದಾಗಿತ್ತು.

ಗುಜರಿಯವರು ಎಲ್ಲವನ್ನೂ ಒಯ್ಯುತ್ತಾರೆ ಅನ್ನುವುದು ತಪ್ಪು ತಿಳಿವಳಿಕೆ. ಅವರಿಗೆ ಬೇಕಾದದ್ದು ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ರದ್ದಿ, ಗಟ್ಟಿ ಪ್ಲಾಸ್ಟಿಕ್ಕು. ಅಲ್ಲಿಂದ ಮುಂದೆ ಅವುಗಳಿಗೆ ದೊಡ್ಡ ಪೇಟೆಗಳೇ ಇವೆ. ಜಾಲಿ ಮೊಹಲ್ಲಾದ ಗುಜರಿ ಮಂಡಿಗಳು ಹಳೆಯವು, ಪ್ಲಾಸ್ಟಿಕ್ಕಿಗೆ ನಾಯಂಡಹಳ್ಳಿ. ಸೋಫಾದಲ್ಲಿ ಮರ, ಫೋಮು, ಬಟ್ಟೆ, ಮೊಳೆ ಎಲ್ಲ ಬೆರೆತಿರುವುದರಿಂದ ಬಿಚ್ಚುವ ಕೂಲಿಯೂ ಹುಟ್ಟುವುದಿಲ್ಲ. ಹಾಗಾಗಿಯೇ ತುಮಕೂರು ರಸ್ತೆಯ ಸರ್ವಿಸ್ ರಸ್ತೆಯಲ್ಲಿ, ಕೆರೆ ಅಂಚಿನಲ್ಲಿ ಸೋಫಾಗಳು ಬಿದ್ದಿರುತ್ತವೆ. ಜಪಾನಿನ ನಗರಗಳಲ್ಲಿ ಇಂಥ ದೊಡ್ಡ ಸಾಮಾನಿಗೆ ಮೊದಲೇ ದಿನ ಗೊತ್ತು ಮಾಡಿಕೊಂಡು, ಶುಲ್ಕದ ಚೀಟಿ ಕೊಂಡು ಅಂಟಿಸಿ ಹೊರಗಿಡಬೇಕು. ನಮ್ಮ ಹೊರವಲಯಕ್ಕೂ ತಿಂಗಳಿಗೊಮ್ಮೆ ಅಂಥ ಒಂದು ಗಾಡಿ ಬರಬೇಕು. ಹಣ ಕೊಡಲು ನಾನು ಸಿದ್ಧ.

ಫ್ರಿಜ್ಜನ್ನು ಮಾತ್ರ ಗುಜರಿಗೆ ಹಾಕಲಿಲ್ಲ. ಬಿಚ್ಚುವ ಹುಡುಗರು ತಾಮ್ರಕ್ಕಾಗಿ ಕೊಳವೆ ಕತ್ತರಿಸುತ್ತಾರೆ, ಒಳಗಿನ ಅನಿಲ ಗಾಳಿಗೆ ಹೋಗುತ್ತದೆ. ಹಳೇ ಫ್ರಿಜ್ಜುಗಳಲ್ಲಿರುವುದು ಓಜೋನ್ ಪದರ ತಿನ್ನುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದ ಹುಟ್ಟಿದ್ದೇ ಅಂಥ ಅನಿಲಗಳನ್ನು ತಡೆಯಲು. ಡಬ್ಬಾ ಟಿವಿಯ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಗುಜರಿಯಷ್ಟು ದುಡ್ಡು ಬರಲಿಲ್ಲ, ಪರವಾಗಿಲ್ಲ.

ತೊಟ್ಟಿಲನ್ನು ಅತ್ತೆ ಕಡೆಯವರೆಗೂ ಬಿಡಲಿಲ್ಲ. ಕೊನೆಗೆ ಬೀದಿಯ ತುದಿಯ ಬಸುರಿ ಹೆಣ್ಣುಮಗಳ ಹೆಸರನ್ನು ಅವರೇ ಹೇಳಿದರು. “ಖಾಲಿ ತೊಟ್ಲು ಕಳಿಸ್ಬಾರ್ದು ಕಣಮ್ಮ” ಎಂದು ಒಳಗೆ ಒಂದು ಸೇರು ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ ಇಟ್ಟು, ಅರಿಸಿನ ಕುಂಕುಮ ಹಚ್ಚಿದರು. ಆಟೋ ತಿರುವು ದಾಟುವವರೆಗೆ ಗೇಟಿನ ಬಳಿ ನಿಂತಿದ್ದರು.

ತೇಗದ ಮಂಚ ಈಗ ಅತ್ತೆಯ ಕೋಣೆಯಲ್ಲೇ ಇದೆ. ಕೊಡುವುದೆಂದರೆ ಎಲ್ಲವನ್ನೂ ಕೊಡುವುದಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ ಶೀಟ್ ರೂಮಿನಲ್ಲೋ ಇಂಥ ಸಾಮಾನಿದ್ದರೆ ಈ ಮುಂಗಾರಿಗೆ ಮೊದಲೇ ಇಳಿಸಿ, ಒರೆಸಿ, ಮುರಿದ ಕಾಲಿಗೆ ಮೊಳೆ ಹೊಡೆಸಿ. ಯಾರಿಗೆ ಕೊಡಬೇಕೆಂದಿದ್ದೀರೋ ಅವರನ್ನು ಮೊದಲು ಕೇಳಿ, ಅವರ ಬಾಗಿಲಿನ ಅಗಲವನ್ನೂ ಕೇಳಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಗಾಡಿ ಬಾಡಿಗೆ ನೀವೇ ಕೊಡಿ.