ಇಳಿಯುವ ಬೆಲೆ, ಏರುವ ಅಗತ್ಯ: ಕಚೇರಿಯ ಗಣಕಯಂತ್ರಕ್ಕೆ ಮೆಮೊರಿ ಎಷ್ಟು ಕೊಳ್ಳಬೇಕು?

ಅಡಿಕೆಯ ಧಾರಣೆ ಕುಸಿದಾಗ ಶಿರಸಿಯ ವ್ಯಾಪಾರಿ ಚೀಲಗಳನ್ನು ಗೋದಾಮಿನಲ್ಲಿಟ್ಟು ಕಾಯುತ್ತಾನೆ. ಕೊಬ್ಬರಿ ಅಗ್ಗವಾದಾಗ ತಿಪಟೂರಿನ ದಾಸ್ತಾನುದಾರ ಕೈಯಲ್ಲಿ ಹಣವಿದ್ದಷ್ಟು ಕೊಂಡಿಡಲು ಹವಣಿಸುತ್ತಾನೆ. ಇಂದು ಇಳಿದ ಬೆಲೆ ಮುಂದೊಂದು ದಿನ ಏರುತ್ತದೆ, ಅಲ್ಲಿಯವರೆಗೆ ಸರಕು ಸರಕಾಗಿಯೇ ಉಳಿದಿರುತ್ತದೆ ಎಂಬುದು ತಲೆಮಾರುಗಳ ಅನುಭವದಿಂದ ಬಂದ ಲೆಕ್ಕಾಚಾರ. ಇದೇ ವ್ಯಾಪಾರಿ ತನ್ನ ಕಚೇರಿಯ ಗಣಕಯಂತ್ರಗಳಿಗೆ ಮೆಮೊರಿ ಕೊಳ್ಳಲು ಹೊರಟಾಗ ಮಾತ್ರ ಈ ಲೆಕ್ಕಾಚಾರ ಕೈಕೊಡುತ್ತದೆ. ಬೆಲೆ ಇಳಿಯುತ್ತಿದೆಯೆಂದು ಕೆಲವರು ತಿಂಗಳುಗಟ್ಟಲೆ ಕಾಯುತ್ತಾರೆ. ಅಗ್ಗವಾಯಿತೆಂದು ಕೆಲವರು ಬೇಕಾದುದರ ನಾಲ್ಕು ಪಟ್ಟು ತುಂಬಿಸಿಬಿಡುತ್ತಾರೆ. ಎರಡೂ ಕಡೆ ಹಣ ಸೋರುತ್ತದೆ. ಸೋರಿದ್ದು ಲಾಭ ನಷ್ಟದ ತಖ್ತೆಯಲ್ಲಿ ಪ್ರತ್ಯೇಕ ಬಾಬ್ತಾಗಿ ಕಾಣುವುದಿಲ್ಲವಾದ್ದರಿಂದ ಅದನ್ನು ಪ್ರಶ್ನಿಸುವವರಿಲ್ಲ.

ಗುಮಾಸ್ತನ ಮೇಜು ಮತ್ತು ಕಪಾಟಿನ ಹೋಲಿಕೆಯಿಂದ ಈ ವಸ್ತುವಿನ ಸ್ವರೂಪ ತಿಳಿಯುತ್ತದೆ. ಕಡತಗಳೆಲ್ಲ ಕಪಾಟಿನಲ್ಲಿರುತ್ತವೆ, ಅದು ಡಿಸ್ಕ್. ಸದ್ಯ ಕೆಲಸ ನಡೆಯುತ್ತಿರುವ ಕಡತಗಳು ಮೇಜಿನ ಮೇಲಿರುತ್ತವೆ, ಅದು ಮೆಮೊರಿ. ಮೇಜು ಚಿಕ್ಕದಾದರೆ ಒಂದು ಕಡತ ಬಿಚ್ಚಲು ಇನ್ನೊಂದನ್ನು ಕಪಾಟಿಗೆ ಸೇರಿಸಬೇಕು, ಮತ್ತೆ ತರಬೇಕು. ಕೆಲಸಕ್ಕಿಂತ ಓಡಾಟವೇ ಹೆಚ್ಚು. ಆದರೆ ನಾಲ್ಕು ಕಡತಗಳ ಕೆಲಸಕ್ಕೆ ಮದುವೆ ಮನೆಯ ಊಟದ ಮೇಜನ್ನು ತಂದಿಟ್ಟರೂ ಗುಮಾಸ್ತನ ಬರವಣಿಗೆಯ ವೇಗ ಹೆಚ್ಚುವುದಿಲ್ಲ. ಸಾಲದಷ್ಟು ಇದ್ದಾಗ ಮೆಮೊರಿಯ ಪ್ರತಿಯೊಂದು ಜಿಬಿಯೂ ಅಮೂಲ್ಯ; ಸಾಕಾದ ಮೇಲೆ ಮುಂದಿನ ಜಿಬಿಯ ಉಪಯುಕ್ತತೆ ಹೆಚ್ಚುಕಡಿಮೆ ಶೂನ್ಯ.

ಡೆಲ್ ಕಂಪನಿಯ ದಾಸ್ತಾನು

ಅಗ್ಗದ ಕಾಲದಲ್ಲಾಗಲಿ, ಅಭಾವದ ಭಯದಿಂದಾಗಲಿ ಮೆಮೊರಿಯನ್ನು ಕೂಡಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡೆಲ್ ಕಂಪನಿಯ 1989ರ ಅನುಭವ ಪ್ರಸಿದ್ಧವಾದುದು. ವೇಗವಾಗಿ ಬೆಳೆಯುತ್ತಿದ್ದ ಆ ಕಂಪನಿ ತನಗೆ ಬೇಕಾದುದಕ್ಕಿಂತ ಹೆಚ್ಚು ಮೆಮೊರಿ ಚಿಪ್ಪುಗಳನ್ನು ದರ ಉಚ್ಛ್ರಾಯದಲ್ಲಿದ್ದಾಗಲೇ ಕೊಂಡಿತು. ದರ ಕುಸಿಯಿತು. ಅದೇ ವೇಳೆಗೆ ಮಾರುಕಟ್ಟೆಯು 256 ಕಿಲೋಬಿಟ್ ಚಿಪ್ಪುಗಳಿಂದ 1 ಮೆಗಾಬಿಟ್ ಚಿಪ್ಪುಗಳಿಗೆ ಹೊರಳಿಕೊಂಡಿತು. ಗೋದಾಮಿನಲ್ಲಿದ್ದ ಮಾಲು ಅಗ್ಗವಾದದ್ದಷ್ಟೇ ಅಲ್ಲ, ಯಾರಿಗೂ ಬೇಡದ್ದೂ ಆಯಿತು. ನಷ್ಟಕ್ಕೆ ಮಾರಿ ಕೈತೊಳೆದುಕೊಳ್ಳಬೇಕಾಯಿತು. ಲಾಭ ನೆಲ ಕಚ್ಚಿತು. ಸ್ಥಾಪಕ ಮೈಕೆಲ್ ಡೆಲ್ ತಮ್ಮ 1999ರ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಡಿಮೆ ದಾಸ್ತಾನಿನಲ್ಲೇ ವ್ಯವಹಾರ ನಡೆಸುವ ಕ್ರಮಕ್ಕೆ ಆ ಕಂಪನಿ ಮುಂದೆ ಹೆಸರಾಯಿತು.

ಅಡಿಕೆಗೂ ಮೆಮೊರಿಗೂ ಇರುವ ಅಂತರ ಇದೇ. ಅಡಿಕೆಯ ತಲೆಮಾರು ಬದಲಾಗುವುದಿಲ್ಲ. ಮೆಮೊರಿಯಲ್ಲಿ ಡಿಡಿಆರ್3 ಹೋಗಿ 2014ರ ಹೊತ್ತಿಗೆ ಡಿಡಿಆರ್4 ಬಂತು, ಅದರ ಹಿಂದೆಯೇ ಡಿಡಿಆರ್5 ಬಂತು. ಒಂದರ ಫಲಕ ಇನ್ನೊಂದರ ಗಾಡಿಗೆ ಕೂರುವುದೇ ಇಲ್ಲ.

2005ರ ನವೆಂಬರಿನಲ್ಲಿ ಆಪಲ್ ಕಂಪನಿ ಇದಕ್ಕೆ ವಿರುದ್ಧವೆನ್ನುವಂತೆ ಐದು ತಯಾರಕರಿಗೆ ಒಟ್ಟು 125 ಕೋಟಿ ಡಾಲರ್ ಮುಂಗಡ ಕೊಡಲು ಒಪ್ಪಿ, 2010ರವರೆಗೆ ಫ್ಲ್ಯಾಶ್ ಮೆಮೊರಿಯ ಪೂರೈಕೆಯನ್ನು ಭದ್ರಪಡಿಸಿಕೊಂಡಿತು. ಅದು ಸರಿಹೋಯಿತು, ಏಕೆಂದರೆ ಆ ಕಂಪನಿ ಕೊಂಡದ್ದು ಗೋದಾಮು ತುಂಬುವ ಮಾಲನ್ನಲ್ಲ, ಪೂರೈಕೆಯ ಭರವಸೆಯನ್ನು. ಐಪಾಡ್‌ಗಳ ಬೇಡಿಕೆ ಆಗ ಕಣ್ಣೆದುರಿಗಿತ್ತು. ಪೀಣ್ಯದ ಹತ್ತು ಗಣಕಯಂತ್ರಗಳ ಕಾರ್ಖಾನೆಗೆ ಅಂತಹ ಚೌಕಾಸಿಯ ಬಲವೂ ಇಲ್ಲ, ಅದರ ಅಗತ್ಯವೂ ಇಲ್ಲ.

ಬೆಲೆ ಇಳಿದೇ ಇಳಿಯುತ್ತದೆಯೇ?

ದೀರ್ಘಾವಧಿಯಲ್ಲಿ ಇಳಿದಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಇಳಿತ ಮೆಟ್ಟಿಲುಗಳಂತೆ ಸಮನಾಗಿ ಬಂದದ್ದಲ್ಲ. ಚಿಪ್ಪಿನ ಕಾರ್ಖಾನೆ ಕಟ್ಟಲು ವರ್ಷಗಳು ಬೇಕು, ಅಪಾರ ಬಂಡವಾಳ ಬೇಕು. ಕಟ್ಟಿದ ಮೇಲೆ ನಿಲ್ಲಿಸಿದರೆ ನಷ್ಟ ಇನ್ನೂ ಹೆಚ್ಚು. ಆದ್ದರಿಂದ ಬೇಡಿಕೆ ಇದ್ದಾಗ ಎಲ್ಲರೂ ಕಟ್ಟುತ್ತಾರೆ, ಕಟ್ಟಿ ಮುಗಿಯುವ ಹೊತ್ತಿಗೆ ಮಾಲು ತುಂಬಿ ತುಳುಕುತ್ತದೆ. 1996ರಲ್ಲಿ, 2001ರಲ್ಲಿ, 2008ರಲ್ಲಿ ಬೆಲೆಗಳು ನೆಲಕ್ಕಿಳಿದದ್ದು ಹೀಗೆಯೇ. ಅಂತಹ ಇಳಿತಗಳಿಗೆ ತಯಾರಕರೇ ಬಲಿಯಾದದ್ದೂ ಉಂಟು: ಜರ್ಮನಿಯ ಕ್ವಿಮೊಂಡಾ 2009ರ ಜನವರಿಯಲ್ಲಿಯೂ ಜಪಾನಿನ ಎಲ್ಪಿಡಾ 2012ರ ಫೆಬ್ರವರಿಯಲ್ಲಿಯೂ ದಿವಾಳಿ ಅರ್ಜಿ ಹಾಕಿದವು. ಉಳಿದವರು ಕಡಿಮೆಯಾದಂತೆ ಉತ್ಪಾದನೆಯ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರ ಕೈಗೆ ಬಂತು.

ಮಧ್ಯೆ ಮಧ್ಯೆ ಬೆಲೆ ಮೇಲಕ್ಕೂ ಜಿಗಿದಿದೆ. 1999ರ ಸೆಪ್ಟೆಂಬರಿನ ತೈವಾನ್ ಭೂಕಂಪ, 2013ರ ಸೆಪ್ಟೆಂಬರಿನಲ್ಲಿ ಚೀನಾದ ವೂಷಿಯ ಕಾರ್ಖಾನೆಗೆ ಬಿದ್ದ ಬೆಂಕಿ, 2016ರಿಂದ 2018ರವರೆಗಿನ ಅಭಾವ ಇವೆಲ್ಲ ‘ಇನ್ನೂ ಸ್ವಲ್ಪ ಇಳಿಯಲಿ’ ಎಂದು ಕಾಯುತ್ತಿದ್ದವರಿಗೆ ಪಾಠ ಕಲಿಸಿದವು. ತಯಾರಕರು ತಮ್ಮೊಳಗೇ ದರ ಹೊಂದಿಸಿಕೊಂಡ ಪ್ರಕರಣವೂ ಇದೆ. ಅಮೆರಿಕದ ನ್ಯಾಯಾಂಗ ಇಲಾಖೆ ಹೂಡಿದ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡು 2005ರಲ್ಲಿ ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ ಡಾಲರ್ ದಂಡ ಒಪ್ಪಿಕೊಂಡವು. ಇನ್ನು 2025ರ ಉತ್ತರಾರ್ಧದಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳತ್ತ ತಯಾರಕರು ತಮ್ಮ ಸಾಮರ್ಥ್ಯವನ್ನು ತಿರುಗಿಸಿದ ಪರಿಣಾಮವಾಗಿ ಸಾಮಾನ್ಯ ಗಣಕಯಂತ್ರದ ಮೆಮೊರಿ ತೀವ್ರವಾಗಿ ದುಬಾರಿಯಾಯಿತು. ಹಳೆಯ ಡಿಡಿಆರ್4 ಚಿಪ್ಪುಗಳ ದಿನದರ ಆ ವರ್ಷದ ಮಧ್ಯಭಾಗದಲ್ಲಿ ಹೊಸ ಡಿಡಿಆರ್5ನ ದರವನ್ನೇ ದಾಟಿತ್ತು. ಹಳತು ಅಗ್ಗವಾಗುತ್ತದೆಂಬ ಲೋಕರೂಢಿ ಇಲ್ಲಿ ನಡೆಯಲಿಲ್ಲ. ತಯಾರಿಕೆ ನಿಲ್ಲುವ ಹಂತಕ್ಕೆ ಬಂದ ಮಾಲು ಅಪರೂಪವಾಗಿ ತುಟ್ಟಿಯಾಯಿತು.

ನಮ್ಮ ದೇಶದ ಕೊಳ್ಳುಗನಿಗೆ ಇನ್ನೊಂದು ತೊಡಕೂ ಇದೆ. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಇಂತಹ ಬಿಡಿಭಾಗಗಳ ಮೂಲ ಸೀಮಾ ಸುಂಕ ಹಂತಹಂತವಾಗಿ ಇಲ್ಲವಾಯಿತು. ಹೀಗಾಗಿ ಜಗತ್ತಿನ ದರ ನೇರವಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದಿಳಿಯುತ್ತದೆ. ಆದರೆ ಅದು ಬರುವುದು ಡಾಲರಿನಲ್ಲಿ. 2001ರಲ್ಲಿ ರೂ. 47ರ ಆಸುಪಾಸಿನಲ್ಲಿದ್ದ ಡಾಲರು 2025ರ ಕೊನೆಗೆ ರೂ. 90ನ್ನು ಮುಟ್ಟಿತ್ತು. ಅಲ್ಲಿ ಇಳಿದದ್ದರಲ್ಲಿ ಒಂದು ಭಾಗ ಇಲ್ಲಿಗೆ ತಲುಪುವುದರೊಳಗೆ ಕರಗಿರುತ್ತದೆ.

ಬೆಲೆ ಇಳಿದರೂ ವೆಚ್ಚ ಇಳಿಯದಿರುವುದಕ್ಕೆ ಮತ್ತೊಂದು ಕಾರಣವನ್ನು ತಂತ್ರಾಂಶಗಳಲ್ಲಿ ಕಾಣಬಹುದು. 2001ರ ವಿಂಡೋಸ್ ಎಕ್ಸ್‌ಪಿ ಕನಿಷ್ಠ 64 ಎಂಬಿ ಕೇಳುತ್ತಿತ್ತು. 2021ರ ವಿಂಡೋಸ್ 11 ಕೇಳುವ ಕನಿಷ್ಠ 4 ಜಿಬಿ. ಇಪ್ಪತ್ತು ವರ್ಷಗಳಲ್ಲಿ 64 ಪಟ್ಟು! ಈ ಕನಿಷ್ಠದಲ್ಲಿ ನೆಮ್ಮದಿಯಿಂದ ಕೆಲಸ ಮಾಡಿದವರು ಅಂದೂ ವಿರಳ, ಇಂದೂ ವಿರಳ ಎಂಬುದು ಬೇರೆ ಮಾತು.

ಕಾಯುವುದರ ಬೆಲೆ

ಹಾಗಾದರೆ ನಿರ್ಣಯ ಹೇಗೆ? ಬೆಲೆಯ ಮುಂದಿನ ನಡೆಯನ್ನು ಊಹಿಸುವುದನ್ನು ಬಿಟ್ಟು ಕೆಲಸವನ್ನು ಅಳೆಯುವುದೇ ದಾರಿ. ಒಂದು ಸಿದ್ಧ ಉಡುಪು ಘಟಕದ ಲೆಕ್ಕಿಗನ ಸಂಬಳ ತಿಂಗಳಿಗೆ ರೂ. 20,000 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆಯಂತೆ ಗಂಟೆಯೊಂದಕ್ಕೆ ರೂ. 100 ಬೀಳುತ್ತದೆ. ಮೆಮೊರಿ ಸಾಲದೆ ಯಂತ್ರ ತಿಣುಕುವುದರಿಂದ ದಿನಕ್ಕೆ 20 ನಿಮಿಷ ವ್ಯರ್ಥವಾದರೆ ದಿನವೊಂದಕ್ಕೆ ರೂ. 33ಕ್ಕೂ ಹೆಚ್ಚು ನಷ್ಟ. ಮೆಮೊರಿ ಫಲಕದ ಬೆಲೆ ರೂ. 3,000 ಇದ್ದು, ಕಾದರೆ ಶೇ. 20ರಷ್ಟು ಇಳಿಯುವುದೆಂಬುದು ನಿಜವೇ ಆದರೂ ಉಳಿತಾಯ ರೂ. 600. ಅದು 18 ಕೆಲಸದ ದಿನಗಳಲ್ಲಿ ತಿಂದುಹೋಗುತ್ತದೆ. ಮೂರು ತಿಂಗಳು ಕಾದವನು ರೂ. 600 ಉಳಿಸಲು ರೂ. 2,500 ತೆತ್ತಂತಾಯಿತು. ತಿಂಗಳ 20ನೇ ತಾರೀಖಿನಂದು ಜಿಎಸ್‌ಟಿಆರ್-3ಬಿ ಸಲ್ಲಿಸುವ ಹೊತ್ತಿಗೆ ಯಂತ್ರ ಸ್ತಬ್ಧವಾಗಿ ತಡವಾದರೆ ತೆರಬೇಕಾದ ಶುಲ್ಕ, ಬಡ್ಡಿಗಳು ಇದರಲ್ಲಿ ಸೇರಿಲ್ಲ.

ಕೆಲಸಕ್ಕೆ ಅಡ್ಡಿಯೇನೂ ಇಲ್ಲದ ಯಂತ್ರಕ್ಕೆ, ಮುಂದೆ ಬೇಕಾದೀತೆಂದು ರೂ. 6,000 ಹೆಚ್ಚುವರಿಯಾಗಿ ಹೂಡಿದ ಇನ್ನೊಬ್ಬನ ಲೆಕ್ಕ ಬೇರೆ. ಬೆಲೆ ವರ್ಷಕ್ಕೆ ಶೇ. 20ರಂತೆ ಇಳಿದರೆ ಎರಡು ವರ್ಷಗಳ ನಂತರ ಅದೇ ಮಾಲು ರೂ. 3,840ಕ್ಕೆ ಸಿಗುತ್ತದೆ. ಶೇ. 10ರ ಕ್ಯಾಷ್ ಕ್ರೆಡಿಟ್ ಬಡ್ಡಿ ಸರಳವಾಗಿ ಲೆಕ್ಕ ಹಾಕಿದರೂ ರೂ. 1,200. ಒಟ್ಟು ರೂ. 3,360ರ ನಷ್ಟ. ಬೆಲೆ ಇಳಿಯುವ ಬದಲು ಒಂದೂವರೆ ಪಟ್ಟಾಗಿ ರೂ. 9,000ಕ್ಕೆ ಏರಿತೆನ್ನಿ, ಬಡ್ಡಿ ಕಳೆದರೆ ಮೊದಲೇ ಕೊಂಡವನ ಲಾಭ ರೂ. 1,800 ಮಾತ್ರ, ಅದೂ ಆ ಹೆಚ್ಚುವರಿ ಮೆಮೊರಿಯ ಅಗತ್ಯ ನಿಜವಾಗಿ ಬಿದ್ದರೆ. ಎಷ್ಟೋ ಯಂತ್ರಗಳು ಆ ಹೆಚ್ಚುವರಿಯನ್ನು ಒಮ್ಮೆಯೂ ಮುಟ್ಟದೆ ಗುಜರಿಗೆ ಹೋಗುತ್ತವೆ. 2025ರಂತಹ ಏರಿಕೆಯ ವರ್ಷದಲ್ಲಿ ಮೊದಲೇ ಕೊಂಡವರು ಗೆದ್ದರೆಂಬುದು ಸತ್ಯ. ಆದರೆ ಅದು ಸಟ್ಟಾ ವ್ಯವಹಾರದ ಗೆಲುವು. ಬಟ್ಟೆಯ ಅಥವಾ ಬೇರಿಂಗಿನ ವ್ಯಾಪಾರಿ ದುಡಿಯುವ ಬಂಡವಾಳವನ್ನು ಅಲ್ಲಿ ತೊಡಗಿಸುವುದಕ್ಕೆ ಸಮರ್ಥನೆಯಿಲ್ಲ.

ಅಗತ್ಯವನ್ನು ಅಳೆಯುವುದು ಕಷ್ಟವೇನಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಬಳಕೆ ಕಾಣುತ್ತದೆ. ನೋಡಬೇಕಾದದ್ದು ಬಿಡುವಿನ ದಿನವಲ್ಲ. ಮಾಸಿಕ ವಿವರಣೆ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖಿನ ಹಿಂದಿನ ದಿನಗಳು, ಲೆಕ್ಕಪತ್ರ, ಎಕ್ಸೆಲ್ ಹಾಳೆಗಳು, ಪೋರ್ಟಲ್ ಮತ್ತು ಇ-ಮೇಲ್ ಎಲ್ಲವೂ ಒಟ್ಟಿಗೆ ತೆರೆದಿರುವ ಹೊತ್ತು ಆಯ್ದುಕೊಳ್ಳಬೇಕು. ಆ ಹೊತ್ತಿನಲ್ಲೂ ಬಳಕೆ ಶೇ. 70ರ ಒಳಗಿದ್ದರೆ ಹೊಸ ಮೆಮೊರಿಯ ಮಾತು ಬೇಡ. ಪದೇ ಪದೇ ಶೇ. 90ನ್ನು ಮುಟ್ಟುತ್ತಿದ್ದರೆ ಅಂದಿನ ಬೆಲೆ ಏನೇ ಇರಲಿ ಕೊಳ್ಳತಕ್ಕದ್ದು. ಮೆಮೊರಿ ಸಾಕಷ್ಟಿದ್ದೂ ಯಂತ್ರ ನಿಧಾನವಾಗಿದ್ದರೆ ದೋಷ ಹಳೆಯ ತಿರುಗುವ ಹಾರ್ಡ್ ಡಿಸ್ಕಿನದಿರಬಹುದು. ಅಲ್ಲಿ ಎಸ್‌ಎಸ್‌ಡಿ ಹಾಕಿಸುವುದೇ ಸರಿಯಾದ ಖರ್ಚು. ಅಂಗಡಿಯವನು ಇದನ್ನು ತಾನಾಗಿ ಹೇಳುತ್ತಾನೆಂದು ಭರವಸೆಯಿಡುವಂತಿಲ್ಲ.

ಒಂದೇ ಕಚೇರಿಯ ಎಲ್ಲ ಯಂತ್ರಗಳಿಗೂ ಒಂದೇ ಅಳತೆ ಹೊಲಿಸುವ ಅಭ್ಯಾಸವೂ ದುಂದಿಗೆ ಕಾರಣ. ಬಿಲ್ಲು ಬರೆಯುವ ಯಂತ್ರಕ್ಕೆ 8 ಜಿಬಿ ಸಾಕಾದೀತು. ಅಚ್ಚುಗಳ ವಿನ್ಯಾಸ ಬಿಡಿಸುವ ಕ್ಯಾಡ್ ಯಂತ್ರಕ್ಕೆ 32 ಜಿಬಿಯೂ ಐಷಾರಾಮವಲ್ಲ. ಎರಡು ಗಾಡಿಗಳಿರುವ ಯಂತ್ರಕ್ಕೆ 16 ಜಿಬಿ ಬೇಕೆಂದಾಗ ಎಂಟೆಂಟರ ಎರಡು ಫಲಕಗಳಿಂದ ವೇಗ ತುಸು ಹೆಚ್ಚುವುದು ನಿಜವಾದರೂ, ಲೆಕ್ಕಪತ್ರದ ಕೆಲಸಕ್ಕೆ ಹದಿನಾರರ ಒಂದೇ ಫಲಕ ಹಾಕಿಸಿ ಇನ್ನೊಂದು ಗಾಡಿಯನ್ನು ಖಾಲಿ ಬಿಡುವುದು ಲೇಸು. ಮುಂದೆ ಬೆಲೆ ಇಳಿದಾಗ ಅದರ ಲಾಭ ಪಡೆಯುವ ಬಾಗಿಲು ಆ ಖಾಲಿ ಗಾಡಿಯೇ. ಮೆಮೊರಿಯನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲು ಇಲ್ಲ. ಅವುಗಳಲ್ಲಿ ಮಾತ್ರ ಇಂದಿನ ಅಗತ್ಯಕ್ಕಿಂತ ಒಂದು ಹಂತ ಹೆಚ್ಚಿನದನ್ನು ಮೊದಲೇ ಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಯಂತ್ರಕ್ಕೆ ದುಬಾರಿ ಮೆಮೊರಿ ತುಂಬಿಸುವುದು ಮುದಿ ಎತ್ತಿಗೆ ಹೊಸ ಲಾಳ ಹೊಡೆಸಿದಂತೆ.

ಲೆಕ್ಕಪುಸ್ತಕದಲ್ಲಿ

ಕೆಟ್ಟ ಫಲಕದ ಬದಲಿಗೆ ಅಷ್ಟೇ ಸಾಮರ್ಥ್ಯದ್ದನ್ನು ಹಾಕಿಸಿದರೆ ಅದು ದುರಸ್ತಿ ವೆಚ್ಚ. ಸಾಮರ್ಥ್ಯ ಹೆಚ್ಚಿಸಿದರೆ ಬಂಡವಾಳ ವೆಚ್ಚವೆಂದು ಗಣಕಯಂತ್ರದ ಆಸ್ತಿಗೆ ಸೇರಿಸಬೇಕಾಗುತ್ತದೆ. ಹಿಂದೆ ಶೇ. 60 ಇದ್ದ ಆದಾಯ ತೆರಿಗೆಯ ಸವಕಳಿ ದರ 2017ರಲ್ಲಿ ಶೇ. 40ಕ್ಕೆ ಇಳಿಯಿತು, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ತೆರಿಗೆ ಉಳಿಸಲೆಂದು ಮಾರ್ಚ್ ಕೊನೆಯ ವಾರದಲ್ಲಿ ರೂ. 30,000ದ ಮೆಮೊರಿ ಕೊಳ್ಳುವವರು ಗಮನಿಸಬೇಕು: ಆ ವರ್ಷಕ್ಕೆ ಸಿಗುವ ಸವಕಳಿ ರೂ. 6,000, ಶೇ. 30ರ ದರದಲ್ಲಿ ಉಳಿಯುವ ತೆರಿಗೆ ರೂ. 1,800. ಖರೀದಿಯ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆದರೆ ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ರಾಜಿ ಪದ್ಧತಿಯಲ್ಲಿರುವ ವರ್ತಕರಿಗೆ ಆ ಜಮೆ ಲಭ್ಯವಿಲ್ಲವಾದ್ದರಿಂದ ಅವರ ಪಾಲಿಗೆ ತೆರಿಗೆಯೂ ಮಾಲಿನ ಬೆಲೆಯೇ.

ಗಣಕಯಂತ್ರದ ಬಿಡಿಭಾಗಗಳನ್ನೇ ಮಾರುವ ವರ್ತಕ ಸದಸ್ಯರ ಸಮಸ್ಯೆ ಬೇರೆ ತೆರನಾದುದು. ಇಳಿಯುವ ಬೆಲೆಯಲ್ಲಿ ಅವರ ಕಪಾಟಿನ ಮಾಲು ದಿನದಿನಕ್ಕೆ ಸವೆಯುತ್ತದೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಬರೆಯಬೇಕು. ಆದಾಯ ತೆರಿಗೆಯ ಲೆಕ್ಕ ಮಾನಕವೂ ಇದನ್ನೇ ಹೇಳುತ್ತದೆ. ಒಂದು ಬಗೆಯ ಮಾಲಿನ ಏರಿಕೆಯನ್ನು ಇನ್ನೊಂದರ ಇಳಿಕೆಗೆ ಒಟ್ಟಾರೆಯಾಗಿ ವಜಾ ಹಾಕಲು ಬರುವುದಿಲ್ಲ, ಬಾಬ್ತುವಾರು ನೋಡಬೇಕು. ಮಾರ್ಚ್ 31ರ ದಾಸ್ತಾನು ಪಟ್ಟಿಯ ಜೊತೆಗೆ ಏಪ್ರಿಲ್ ಮೊದಲ ವಾರಗಳ ಮಾರಾಟದ ಬಿಲ್ಲುಗಳನ್ನೂ ಸರಬರಾಜುದಾರರ ಅಂದಿನ ದರಪಟ್ಟಿಯನ್ನೂ ತೆಗೆದಿಟ್ಟುಕೊಂಡರೆ, ಕಡಿಮೆ ಬೆಲೆ ಹಾಕಿದ್ದೇಕೆಂದು ತೆರಿಗೆ ಅಧಿಕಾರಿ ಕೇಳಿದಾಗ ತೋರಿಸಲು ಪುರಾವೆ ಇರುತ್ತದೆ.