ಕಾರಿಗೂ ಒಂದು ವಂಶಾವಳಿ

ಈಸ್ಟ್ ಬ್ರನ್ಸ್‌ವಿಕ್‌ನಲ್ಲಿರುವ ನಮಗೆ ಪಕ್ಕದ ನ್ಯೂ ಬ್ರನ್ಸ್‌ವಿಕ್ ಎಂದರೆ ರಟ್ಗರ್ಸ್ ವಿಶ್ವವಿದ್ಯಾಲಯ, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ, ಆಸ್ಪತ್ರೆಗಳು ಮತ್ತು ನ್ಯೂಯಾರ್ಕಿಗೆ ಹೋಗುವ ರೈಲು. ಸುಮಾರು ನೂರಹತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಅಮೆರಿಕದ ಅತಿ ದುಬಾರಿ ಕಾರುಗಳಲ್ಲೊಂದು ತಯಾರಾಗುತ್ತಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಅದರ ಹೆಸರು ಸಿಂಪ್ಲೆಕ್ಸ್, ಕ್ರೇನ್ ಮಾಡೆಲ್ 5. ಜನರ ಬಾಯಲ್ಲಿ ಅದು 'ಕ್ರೇನ್-ಸಿಂಪ್ಲೆಕ್ಸ್' ಆಯಿತು.

ಕಂಪನಿಯೇ ಕೈಯಿಂದ ಕೈಗೆ

ಸಿಂಪ್ಲೆಕ್ಸ್ ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ. ಯುರೋಪಿನ ಕಾರುಗಳನ್ನು ತರಿಸಿ ಮಾರುತ್ತಿದ್ದ ಸ್ಮಿತ್ ಅಂಡ್ ಮೇಬ್ಲಿ ಎಂಬ ಕಂಪನಿ ತಾನೇ ಕಾರು ಮಾಡಲು ಹೊರಟು 1907ರಲ್ಲಿ ನಷ್ಟಕ್ಕೆ ಸಿಲುಕಿತು. ಆಗ ಹರ್ಮನ್ ಬ್ರೋಸೆಲ್ ಎಂಬ ಬಟ್ಟೆ ವ್ಯಾಪಾರಿ ಅದನ್ನು ಕೊಂಡರು. ಅವರು 1912ರಲ್ಲಿ ತೀರಿಕೊಂಡ ಮೇಲೆ ಕಂಪನಿ ಮತ್ತೆ ಕೈ ಬದಲಾಯಿಸಿ, ನ್ಯೂ ಬ್ರನ್ಸ್‌ವಿಕ್‌ಗೆ ಬಂದು ನೆಲೆಸಿತು. 1914ರಲ್ಲಿ ನ್ಯೂಜೆರ್ಸಿಯದೇ ಆದ ಬೇಯಾನ್‌ನ ಕ್ರೇನ್ ಮೋಟಾರ್ ಕಾರ್ ಕಂಪನಿಯನ್ನೂ ತನ್ನೊಳಗೆ ಸೇರಿಸಿಕೊಂಡಿತು. ಅದರೊಂದಿಗೆ ಹೆನ್ರಿ ಕ್ರೇನ್ ಎಂಬ ಪ್ರತಿಭಾವಂತ ಎಂಜಿನಿಯರ್ ಕೂಡ ಬಂದರು. 1915ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ 5 ಅವರ ಕೈಚಳಕ.

ಅದರ ಆರು ಸಿಲಿಂಡರಿನ ಎಂಜಿನ್ 9.2 ಲೀಟರಿನದು. ನಮ್ಮ ಮಾರುತಿ 800ರ ಎಂಜಿನ್ 796 ಸಿ.ಸಿ. ಎಂಬುದನ್ನು ನೆನೆಸಿಕೊಂಡರೆ, ಹನ್ನೊಂದೂವರೆ ಮಾರುತಿಗಳು ಒಂದೇ ಬಾನೆಟ್ಟಿನಡಿ ಇದ್ದಂತೆ! ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 12 ಅಡಿ. ಬರಿಯ ಚಾಸಿಸ್ಸಿಗೇ 5,000 ಡಾಲರಿನಷ್ಟು ಬೆಲೆ. 1916ರ ಆಗಸ್ಟಿನಲ್ಲಿ ಫೋರ್ಡ್ ಮಾಡೆಲ್ ಟಿ ಟೂರಿಂಗ್ ಕಾರು 360 ಡಾಲರಿಗೆ ಸಿಗುತ್ತಿತ್ತು.

ಟೂರಿಂಗ್ ಕಾರು ಎಂದರೆ ನಾಲ್ಕರಿಂದ ಏಳು ಜನ ಕೂರುವ, ಗಾಜಿನ ಕಿಟಕಿಗಳಿಲ್ಲದ, ಕ್ಯಾನ್ವಾಸಿನ ಹುಡ್ಡನ್ನು ಮಡಚಿಡಬಹುದಾದ ತೆರೆದ ಕಾರು. ನಮ್ಮ ಕಡೆಯ ಹಳೆಯ ಮೆರವಣಿಗೆ ಫೋಟೋಗಳಲ್ಲಿ ದೊಡ್ಡವರು ಹಾರ ಹಾಕಿಕೊಂಡು ಕುಳಿತಿರುತ್ತಾರಲ್ಲ, ಅಂಥದ್ದು.

ಒಂದು ಕಾರಿಗೆ ಎರಡು ಜನ್ಮ

ಆ ಕಾಲದ ದುಬಾರಿ ಕಾರು ಇಡಿಯಾಗಿ ಶೋರೂಮಿನಿಂದ ಬರುತ್ತಿರಲಿಲ್ಲ. ಕಾರ್ಖಾನೆ ಎಂಜಿನ್ ಮತ್ತು ಚಾಸಿಸ್ ಕೊಡುತ್ತಿತ್ತು. ಬಾಡಿಯನ್ನು ಬೇರೆ ಕಡೆ, ನಾವು ದರ್ಜಿಯಲ್ಲಿ ಅಳತೆ ಕೊಟ್ಟು ಬಟ್ಟೆ ಹೊಲಿಸಿದಂತೆ, ಹೇಳಿ ಮಾಡಿಸಬೇಕಿತ್ತು. ಈ ಕೆಲಸದಲ್ಲಿ ಬ್ರೂಸ್ಟರ್ ಕಂಪನಿ ಹೆಸರುವಾಸಿ. ಕ್ವೀನ್ಸ್ ಪ್ಲಾಜಾದಲ್ಲಿದ್ದ ಅದರ ದೊಡ್ಡ ಕಟ್ಟಡ ಈಗಲೂ ಇದೆ. 2012ರಲ್ಲಿ ಜೆಟ್‌ಬ್ಲೂ ವಿಮಾನ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಅಲ್ಲಿಗೆ ತಂದಿತು. ಅನುಕೂಲಸ್ಥರು ಒಂದೇ ಚಾಸಿಸ್ಸಿಗೆ ಎರಡು ಬಾಡಿ ಮಾಡಿಸಿ, ಬೇಸಿಗೆಗೆ ತೆರೆದದ್ದು, ಚಳಿಗಾಲಕ್ಕೆ ಮುಚ್ಚಿದ್ದು ಎಂದು ಬದಲಾಯಿಸುತ್ತಿದ್ದುದೂ ಉಂಟು.

ಇದರಿಂದಲೇ ಇಂಥ ಕಾರಿನ ಮಾಲೀಕತ್ವದ ಚರಿತ್ರೆಗೆ ಅಷ್ಟು ಮಹತ್ವ. ಇಂದು ಕಣ್ಣೆದುರಿಗಿರುವ ಬಾಡಿ ಮೊದಲಿನದೋ, ಐವತ್ತು ವರ್ಷದ ನಂತರ ಕೂಡಿಸಿದ್ದೋ? ಎಂಜಿನ್ ಅದೇ ಕಾರಿನದೋ? ಇದನ್ನು ಹೇಳುವುದು ಮೂರು ಗುರುತುಗಳು: ಚಾಸಿಸ್ ನಂಬರು, ಎಂಜಿನ್ ನಂಬರು, ಬಾಡಿ ಮಾಡಿದವರ ಪುಟ್ಟ ಫಲಕ. ಇವನ್ನು ಹಳೆಯ ಬಿಲ್ಲು, ರಿಜಿಸ್ಟ್ರೇಷನ್ ಪತ್ರ ಮತ್ತು ತಾರೀಕು ಬರೆದ ಫೋಟೋಗಳ ಜೊತೆ ತಾಳೆ ನೋಡಬೇಕು. ಸರಪಳಿ ಎಲ್ಲೂ ಕಡಿಯದಿದ್ದರೆ ಕಾರಿಗೆ ಮರ್ಯಾದೆ; ಕಡಿದಿದ್ದರೆ ಎಷ್ಟು ಹೊಳಪು ಕೊಟ್ಟರೂ ಅನುಮಾನ ಉಳಿಯುತ್ತದೆ.

ನ್ಯೂ ಬ್ರನ್ಸ್‌ವಿಕ್‌ನಲ್ಲಿ ಕಾರಿನ ಕಾಲ ಬೇಗ ಮುಗಿಯಿತು. 1916ರಲ್ಲಿ ಕಂಪನಿ ರೈಟ್-ಮಾರ್ಟಿನ್ ವಿಮಾನ ಸಂಸ್ಥೆಯಲ್ಲಿ ವಿಲೀನವಾಯಿತು. ಮೊದಲ ಮಹಾಯುದ್ಧಕ್ಕಾಗಿ ಅದೇ ಕಾರ್ಖಾನೆ ಹಿಸ್ಪಾನೊ-ಸುಯಿಜಾ ವಿಮಾನ ಎಂಜಿನ್‌ಗಳನ್ನು ತಯಾರಿಸತೊಡಗಿತು. ಮಾಡೆಲ್ 5 ಕೆಲವೇ ನೂರಕ್ಕೆ ನಿಂತುಹೋಯಿತು. ಆ ತಲೆಮಾರಿನ ಭಾರೀ ಕಾರುಗಳಲ್ಲಿ ಎಷ್ಟೋ, ಎಂಜಿನ್ ಗಟ್ಟಿಯಾಗಿದೆಯೆಂದು, ಕೆಟ್ಟ ವಾಹನಗಳನ್ನೆಳೆಯುವ ಲಾರಿಗಳಾದವು. ಎರಡನೆಯ ಮಹಾಯುದ್ಧದಲ್ಲಿ ಅನೇಕ ಗುಜರಿಗೆ ಹೋಗಿ ಕರಗಿದವು.

ಉಳಿದದ್ದರಲ್ಲಿ ಒಂದನ್ನು ನಾವು ಹೋಗಿ ನೋಡಬಹುದು. ಎಣ್ಣೆ ದೊರೆ, ಹಿರಿಯ ಜಾನ್ ಡಿ. ರಾಕ್‌ಫೆಲರ್ ಅವರ 1918ರ ಕ್ರೇನ್-ಸಿಂಪ್ಲೆಕ್ಸ್ ನ್ಯೂಯಾರ್ಕ್ ರಾಜ್ಯದ ಪೊಕಾಂಟಿಕೊ ಹಿಲ್ಸ್‌ನಲ್ಲಿರುವ ಕೈಕಟ್ ಬಂಗಲೆಯ ಗಾಡಿಮನೆಯಲ್ಲಿದೆ. ರಾಕ್‌ಫೆಲರ್ 1937ರಲ್ಲಿ ತೀರಿಕೊಂಡರು. ಮೊಮ್ಮಗ ನೆಲ್ಸನ್ 1979ರಲ್ಲಿ ತೀರಿಕೊಂಡ ಮೇಲೆ ಬಂಗಲೆ ರಾಷ್ಟ್ರೀಯ ಪರಂಪರೆ ಟ್ರಸ್ಟಿಗೆ ಸೇರಿತು. 1994ರಿಂದ ಸಾರ್ವಜನಿಕರಿಗೆ ಪ್ರವೇಶವಿದೆ. ಇಂಥ ಕಾರಿನ ವಂಶಾವಳಿ ತಿಳಿಯಲು ಪತ್ತೇದಾರಿ ಮಾಡಬೇಕಿಲ್ಲ.

ನಮ್ಮ ಮನೆಗಳ ಕಾರುಗಳು

ನಮ್ಮಲ್ಲಿ ರಾಕ್‌ಫೆಲರ್‌ಗಳಿಲ್ಲ, ನಿಜ. ಆದರೆ ಊರಿನ ಮನೆಯ ಕೊಟ್ಟಿಗೆಯಲ್ಲಿ ತಾತನ ಕಾಲದ ಆಸ್ಟಿನ್, ಮಾರಿಸ್ ಅಥವಾ ಷೆವರ್ಲೆ ನಿಂತಿರುವ ಕುಟುಂಬಗಳು ಇವೆ. ಮನೆ ಪಾಲಾಗುವಾಗ ಮೊದಲು ಹೊರಹೋಗುವುದೇ ಅದು, ತೂಕದ ಲೆಕ್ಕದಲ್ಲಿ. ಅದರ ಕಾಗದಗಳು ರದ್ದಿಗೆ.

ಹಾಗೆ ಮಾಡುವ ಮೊದಲು ಕೆಲವು ಸಂಗತಿ ತಿಳಿದಿರಲಿ. 2021ರ ಜುಲೈನಲ್ಲಿ ಭಾರತ ಸರ್ಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 'ವಿಂಟೇಜ್' ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಈಗಾಗಲೇ ನೋಂದಣಿಯಾದ ಕಾರಿಗೆ ತಾತನ ಕಾಲದ 'ಎಂ.ವೈ.' ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ.

ಅದನ್ನು ನ್ಯೂಜೆರ್ಸಿಗೇ ತರಿಸೋಣವೇ? 25 ವರ್ಷ ದಾಟಿದ ಕಾರಿಗೆ ಅಮೆರಿಕದ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. ನಮ್ಮ ರಾಜ್ಯದಲ್ಲಿ ಅದಕ್ಕೆ 'ಹಿಸ್ಟಾರಿಕ್' ಫಲಕವೂ ಸಿಗುತ್ತದೆ. ತೊಡಕಿರುವುದು ಆ ಕಡೆ. 1950ಕ್ಕೆ ಮೊದಲು ತಯಾರಾದ ಕಾರುಗಳನ್ನೂ ಅವುಗಳ ಭಾಗಗಳನ್ನೂ ಹೊರದೇಶಕ್ಕೆ ಕಳಿಸಲು ಭಾರತದಲ್ಲಿ ಬಹಳ ಹಿಂದಿನಿಂದ ನಿರ್ಬಂಧವಿದೆ. ಹಡಗಿನವರ ಜೊತೆ ಮಾತಾಡುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ. ಇಟ್ಟುಕೊಳ್ಳಲಾಗದಿದ್ದರೆ ಗುಜರಿಯೊಂದೇ ದಾರಿಯಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂತೆ ಹಳೆಯ ಕಾರುಗಳನ್ನು ಜೋಪಾನ ಮಾಡಿದ ಜಾಗಗಳು ನಮ್ಮ ನಾಡಿನಲ್ಲಿವೆ.

ಮುಂದಿನ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಚಾಸಿಸ್ ಮತ್ತು ಎಂಜಿನ್ ನಂಬರುಗಳ ಫೋಟೋ ತೆಗೆದುಕೊಳ್ಳಿ, ಆರ್.ಸಿ. ಪುಸ್ತಕದ ಪ್ರತಿಯೊಂದು ಪುಟದ ಪ್ರತಿ ಮಾಡಿಸಿ. ಆಮೇಲೆ ಮನೆಯ ಹಿರಿಯರ ಬಳಿ ಕುಳಿತು, ಕಾರನ್ನು ಯಾರಿಂದ ಕೊಂಡದ್ದು, ಯಾವ ವರ್ಷ, ಯಾರು ಓಡಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ಆರ್.ಸಿ. ಪುಸ್ತಕದಲ್ಲಿ ಮಾಲೀಕರ ಹೆಸರಷ್ಟೇ ಇರುತ್ತದೆ. ಯಾರ ಮದುವೆಗೆ ಅದು ಹೋಗಿತ್ತು, ಯಾವ ಬಸುರಿಯನ್ನು ನಡುರಾತ್ರಿ ಆಸ್ಪತ್ರೆಗೆ ತಲುಪಿಸಿತ್ತು ಎಂಬುದು ಹಿರಿಯರಿಗೆ ಮಾತ್ರ ಗೊತ್ತು, ಅವರನ್ನು ಕೇಳಲು ಸಿಗುವ ಸಮಯವೂ ಕಡಿಮೆ.