ಪಕ್ಷಗಳ ಪೈಪೋಟಿಯೂ ನಾಡಿನ ಏಳಿಗೆಯೂ

ನಾಡಿನ ಏಳಿಗೆಗೆ ಒಂದೇ ಪಕ್ಷದ ಗಟ್ಟಿ ಆಡಳಿತ ಮೇಲೋ, ಹಲವು ಪಕ್ಷಗಳ ಪೈಪೋಟಿ ಮೇಲೋ ಎಂಬ ಚರ್ಚೆ ಚುನಾವಣೆ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಏಳುತ್ತದೆ. ಹಳೆಯ ಬೆಂಗಳೂರಿನ ಬಡಾವಣೆಗಳಿಂದಲೇ ಈ ವಿಚಾರವನ್ನು ಆರಂಭಿಸೋಣ.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಅದೇ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರಗಳೂ ತಲೆಯೆತ್ತಿದವು. ಮತ ಕೇಳುವ ಪಕ್ಷಗಳು ಅಂದು ಇರಲಿಲ್ಲ. ಅರಸರ ಆಡಳಿತದ ದೂರದೃಷ್ಟಿಯೇ ಅವುಗಳಿಗೆ ಅಡಿಪಾಯವಾಯಿತು. ಆದರೆ ಆಳುವವರು ತಪ್ಪಿದಾಗ ಅವರನ್ನು ಬದಲಿಸುವ ಹಕ್ಕು ಅಂದಿನ ಪ್ರಜೆಗೆ ಇರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಏಕೀಕರಣದ ತರುವಾಯ 1983ರವರೆಗೆ ರಾಜ್ಯವನ್ನು ಆಳಿದವರು ಕಾಂಗ್ರೆಸ್ಸಿನವರು. ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿದ 1974ರ ಭೂಸುಧಾರಣೆ ದೇವರಾಜ ಅರಸರ ಕಾಲದ್ದು. ಒಂದೇ ಪಕ್ಷದ ಪ್ರಾಬಲ್ಯದಲ್ಲಿಯೂ ದೊಡ್ಡ ಕಾರ್ಯ ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. 1985ರಲ್ಲಿ ಅವರು ವಿಧಾನಸಭೆಗೆ ಆರಿಸಿ ಬಂದುದು ಬಸವನಗುಡಿಯಿಂದಲೇ. ಅವರ ಸಚಿವ ಅಬ್ದುಲ್ ನಜೀರ್ ಸಾಬರು ಅಧಿಕಾರವನ್ನು ಹಳ್ಳಿಗಳಿಗೆ ಇಳಿಸಲು ಶ್ರಮಿಸಿದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು, ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಹೊಸ ಪಕ್ಷವು ಹೊಸದನ್ನು ಮಾಡಿ ತೋರಿಸಬೇಕೆಂಬ ಹಂಬಲದ ಫಲವಿದು.

ಸರ್ಕಾರ ಬದಲಾಯಿತು. ಪರಿಷತ್ತುಗಳ ಅವಧಿ ಮುಗಿದಾಗ ಸಕಾಲದಲ್ಲಿ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ಆದರೂ ಬೇರು ಸಾಯಲಿಲ್ಲ. ಕೇಂದ್ರದ ಕಾಂಗ್ರೆಸ್ ಸರ್ಕಾರ ಸಂವಿಧಾನಕ್ಕೆ 73ನೆಯ ಮತ್ತು 74ನೆಯ ತಿದ್ದುಪಡಿಗಳನ್ನು ತಂದಿತು. 1993ರಲ್ಲಿ ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯಿದೆಯೂ ಬಂದಿತು. ಒಬ್ಬರು ನೆಟ್ಟ ಸಸಿಗೆ ಇನ್ನೊಬ್ಬರು ನೀರೆರೆದಂತಾಯಿತು.

74ನೆಯ ತಿದ್ದುಪಡಿ ನಗರಗಳಿಗೂ ಇದೇ ಹಕ್ಕನ್ನು ನೀಡಿತು: ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಆದರೆ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಏನಾಯಿತು? ಮೊದಲು ಭಾರತೀಯ ಜನತಾ ಪಕ್ಷ, 2023ರಿಂದ ಕಾಂಗ್ರೆಸ್ ಅಧಿಕಾರದಲ್ಲಿದ್ದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸುವವರೆಗೂ ಚುನಾವಣೆ ನಡೆಯಲಿಲ್ಲ. ಚರಂಡಿ ಕಟ್ಟಿಕೊಂಡರೆ ಕೇಳಲು ಮಲ್ಲೇಶ್ವರದ ಗೃಹಿಣಿಗೆ ತನ್ನ ವಾರ್ಡಿನ ಸದಸ್ಯರೇ ಇರಲಿಲ್ಲ. ಪೈಪೋಟಿ ಇದ್ದಿತು; ಆದರೆ ಕೆಳಗಿನವರೊಡನೆ ಅಧಿಕಾರ ಹಂಚಿಕೊಳ್ಳದಿರುವುದರಲ್ಲಿ ಎರಡೂ ಪಕ್ಷಗಳು ಒಂದೇ ಆಗಿದ್ದವು.

ಆದುದರಿಂದ ಪಕ್ಷಗಳ ಸಂಖ್ಯೆಯೊಂದೇ ಏಳಿಗೆಯನ್ನು ನಿರ್ಧರಿಸದು. ಹಿಂದಿನವರ ಒಳ್ಳೆಯ ಕಾರ್ಯವನ್ನು ಮುಂದುವರಿಸುವ ಮನಸ್ಸು, ಸೋಲುವ ಭಯವಿದ್ದರೂ ಕಾಲಕ್ಕೆ ಸರಿಯಾಗಿ ಜನರ ಮುಂದೆ ನಿಲ್ಲುವ ನಿಷ್ಠೆ, ಇವೆರಡಿದ್ದರೆ ಪೈಪೋಟಿ ಫಲ ಕೊಡುತ್ತದೆ. ಮನೆಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಹೊಸದಾಗಿ ಏನು ಮಾಡುವಿರೆಂದು ನಾವು ಕೇಳುತ್ತೇವೆ. ಹಿಂದಿನವರ ಯಾವ ಕಾರ್ಯವನ್ನು ಉಳಿಸುವಿರಿ, ಸ್ಥಳೀಯ ಚುನಾವಣೆಯನ್ನು ಸಕಾಲದಲ್ಲಿ ನಡೆಸುವಿರಾ ಎಂದೂ ಕೇಳುವುದು ನಮ್ಮೆಲ್ಲರ ಕರ್ತವ್ಯ.